ನನ್ನ ಜಾಲತಾಣದ ಜೀರ್ಣೋದ್ಧಾರ

ಪ್ರತಿ ವರ್ಷವೂ ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ನನಗೊಂದು ಮಿಂಚಂಚೆ ಬರುತ್ತದೆ. ಅದರ ಒಕ್ಕಣೆ ಬಹು ವಿನಯದ್ದು. ತಾತ್ಪರ್ಯ ಮಾತ್ರ ಸಾಲ ಕೊಟ್ಟವನ ತಗಾದೆಯದು. ಇನ್ನು ಮೂವತ್ತು ದಿನಗಳೊಳಗೆ ಹಣ ಸಂದಾಯ ಮಾಡದಿದ್ದರೆ ನನ್ನ ಜಾಲತಾಣದ ಹೆಸರು ನನ್ನದಾಗಿ ಉಳಿಯುವುದಿಲ್ಲ, ಬೇರೆ ಯಾರು ಬೇಕಾದರೂ ಅದನ್ನು ಕೊಂಡುಕೊಳ್ಳಬಹುದು ಎಂಬುದು ಅದರ ಸಾರಾಂಶ. ಮೊತ್ತವೇನೂ ದೊಡ್ಡದಲ್ಲ, ಸಾವಿರ ರೂಪಾಯಿಯ ಆಸುಪಾಸು. ಆದರೂ ಈ ಪತ್ರ ಬಂದಾಗಲೆಲ್ಲ ನನ್ನ ಮಡದಿ ಒಂದೇ ಪ್ರಶ್ನೆ ಕೇಳುತ್ತಾಳೆ: “ಅಲ್ಲಾ, ಹದಿನಾರು ವರ್ಷದಿಂದ ಕಟ್ಟುತ್ತಲೇ ಇದ್ದೀರಿ. ಇದು ಮುಗಿಯುವುದು ಯಾವಾಗ?”

ಕಟ್ಟುವುದು ಎಂಬ ಕ್ರಿಯಾಪದವನ್ನು ಅವಳು ಹಣದ ಅರ್ಥದಲ್ಲಿ ಬಳಸುತ್ತಾಳೋ ಮನೆಯ ಅರ್ಥದಲ್ಲಿ ಬಳಸುತ್ತಾಳೋ, ಕನ್ನಡದ ಮೇಷ್ಟರಾದ ನನಗೂ ಇದುವರೆಗೆ ತಿಳಿದಿಲ್ಲ. ಎರಡರಲ್ಲಿ ಯಾವುದಾದರೂ ಪ್ರಶ್ನೆ ನ್ಯಾಯವಾದದ್ದೇ.

ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಗೆ ಹೆಂಚು ಬಂದಿತ್ತಾದರೂ ಕೊಟ್ಟಿಗೆಗೆ ಮಾತ್ರ ಅಡಕೆಯ ಸೋಗೆಯ ಹೊದಿಕೆಯೇ. ಕೃತ್ತಿಕೆ ಮಳೆ ಹನಿಯುವುದರೊಳಗೆ ತಂದೆಯವರು ಆಳುಗಳನ್ನು ಕರೆಸಿ, ಹಳೆಯ ಸೋಗೆ ತೆಗೆಸಿ, ಹೊಸದನ್ನು ಹೊದಿಸುತ್ತಿದ್ದರು. ಗಳು ಮುರಿದಿದ್ದರೆ ಬದಲಾಯಿಸುತ್ತಿದ್ದರು. ಎರಡು ಮಳೆಗಾಲ ಹೊದಿಸದೆ ಬಿಟ್ಟ ಕೊಟ್ಟಿಗೆ ಮೂರನೆಯ ಮಳೆಗಾಲಕ್ಕೆ ಕೊಟ್ಟಿಗೆಯಾಗಿ ಉಳಿಯುತ್ತಿರಲಿಲ್ಲ. ಆದರೆ ಈ ಕೆಲಸ ಮುಗಿಯುವುದು ಯಾವಾಗ ಎಂದು ತಂದೆಯವರನ್ನು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಪುಸ್ತಕ ಬರೆದವನು ಅಚ್ಚು ಹಾಕಿಸಿ ನಿಶ್ಚಿಂತನಾಗಬಹುದು. ಜಾಲತಾಣ ಮಾಡಿದವನು ಸೋಗೆಯ ಕೊಟ್ಟಿಗೆಯ ಯಜಮಾನನೇ ಸರಿ. ಇದು ನನ್ನೊಬ್ಬನ ಕಲ್ಪನೆಯಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿದ್ದ ಎಂ.ಎಂ. ಲೇಮನ್ ಎಂಬ ವಿದ್ವಾಂಸರು 1974ರಷ್ಟು ಹಿಂದೆಯೇ ಹೇಳಿದ್ದರು: ಜನರ ಬಳಕೆಯಲ್ಲಿರುವ ಕಂಪ್ಯೂಟರ್ ಪ್ರೋಗ್ರಾಂ ಕಾಲಕ್ಕೆ ತಕ್ಕಂತೆ ಮಾರ್ಪಡುತ್ತಲೇ ಇರಬೇಕು, ಇಲ್ಲವಾದರೆ ಅದು ಕ್ರಮೇಣ ಕೆಲಸಕ್ಕೆ ಬಾರದಂತಾಗುತ್ತದೆ ಎಂದು. ಸುತ್ತಲಿನ ಲೋಕ ಬದಲಾದರೆ ಸಾಕು, ತಾನು ಇದ್ದ ಹಾಗೆಯೇ ಇದ್ದೂ ಅದು ಹಳತಾಗುತ್ತದೆ.

ಆ ತಾಣದ ಪೂರ್ವಚರಿತ್ರೆಯನ್ನು ವಾಚಕರಿಗೆ ಸ್ವಲ್ಪ ತಿಳಿಸಬೇಕು. 2009ರಲ್ಲಿ ನಾನು ಮಲೆನಾಡಿನ ಸಣ್ಣ ಊರೊಂದರ ಪದವಿ ಕಾಲೇಜಿಗೆ ಅಧ್ಯಾಪಕನಾಗಿ ಸೇರಿದ ಹೊಸತು. ವ್ಯಾಕರಣದ ತರಗತಿಯಲ್ಲಿ ನಿದ್ದೆಯನ್ನು ಓಡಿಸುವ ಉಪಾಯವಾಗಿ ಹುಡುಗರಿಗೆ ಒಂದು ಕೆಲಸ ಹೇಳಿದೆ: ಮನೆಯಲ್ಲಿ ಹಿರಿಯರು ಆಡುವ, ಆದರೆ ಪಠ್ಯಪುಸ್ತಕದಲ್ಲಿ ಕಾಣದ ಹತ್ತು ಪದಗಳನ್ನು ಚೀಟಿಯ ಮೇಲೆ ಬರೆದು ತನ್ನಿ, ಜೊತೆಗೆ ಆ ಪದ ಬರುವ ಒಂದು ಮಾತನ್ನೂ ಹಾಗೆಯೇ ಬರೆಯಿರಿ. ಬಂದ ಪದಗಳು ನನ್ನನ್ನು ಬೆರಗುಗೊಳಿಸಿದವು. ದಬ್ಬೆ, ಹಾಳೆ, ಕೊಟ್ಟೆ, ಮೆಟ್ಟುಗತ್ತಿ, ಗೊರಬಲು, ಬೆಟ್ಟೆ. ‘ಕೊನೆ’ ಎಂದರೆ ಅಂತ್ಯ ಎಂದು ನಾನು ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸರ್, ನಮ್ಮಲ್ಲಿ ಕೊನೆಯಿಂದಲೇ ಶುರು” ಎಂದ. ಅಡಕೆಯ ಗೊನೆಯನ್ನು ಅವರು ಕೊನೆ ಎನ್ನುತ್ತಾರೆ; ಮರ ಹತ್ತಿ ಅದನ್ನು ಇಳಿಸುವವನು ಕೊನೆಗಾರ; ಅವನು ಬಂದ ದಿನವೇ ಸುಗ್ಗಿ ಆರಂಭ. ಈ ಪದಗಳಲ್ಲಿ ಎಷ್ಟೋ ನಿಘಂಟುಗಳಲ್ಲಿ ಸಿಕ್ಕುತ್ತವೆ. ನಿಘಂಟಿನಲ್ಲಿ ಸಿಕ್ಕದ್ದು ಅವುಗಳ ಜೊತೆಗೆ ಬಂದ ಮಾತು. ಆ ಮಾತುಗಳನ್ನು ಕೂಡಿಡಬೇಕೆಂಬ ಹುಚ್ಚು ನನಗೆ ಹಿಡಿಯಿತು.

ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೆಯ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಎಚ್‌ಟಿಎಂಎಲ್ ಎಂಬುದನ್ನು ಕಲಿತೆ. ಪುಟಕ್ಕೆ ತಲೆ ಎಲ್ಲಿ, ಒಡಲೆಲ್ಲಿ, ಸಾಲು ಒಡೆಯಬೇಕಾದದ್ದೆಲ್ಲಿ ಎಂದು ಯಂತ್ರಕ್ಕೆ ಹೇಳುವ ಗುರುತುಗಳ ಭಾಷೆ ಅದು. ಛಂದಸ್ಸಿಗೆ ಪ್ರಸ್ತಾರ ಹಾಕಿ ಅಭ್ಯಾಸವಿದ್ದವನಿಗೆ ಅಷ್ಟೇನೂ ಕಷ್ಟವಲ್ಲ. ಆ ವರ್ಷದ ಅಕ್ಟೋಬರಿನಲ್ಲೇ ಅಮೆರಿಕದಲ್ಲಿ ಜಿಯೋಸಿಟೀಸ್ ಎಂಬ ದೊಡ್ಡ ವ್ಯವಸ್ಥೆಯನ್ನು ಮುಚ್ಚಿದರು. 1994ರಿಂದ ಸಾಮಾನ್ಯ ಜನರು ಅಲ್ಲಿ ಕಟ್ಟಿಕೊಂಡಿದ್ದ ಅಸಂಖ್ಯ ಸ್ವಂತ ಪುಟಗಳು ಒಂದೇ ಏಟಿಗೆ ಅಳಿದುಹೋದವು. ಸುದ್ದಿಯನ್ನು ನಾನೂ ಓದಿದೆ. ನನಗೂ ಅದಕ್ಕೂ ಏನೂ ಸಂಬಂಧವಿಲ್ಲವೆಂದು ಪುಟ ಮಗುಚಿದೆ.

ಮೊದಲನೆಯ ಪಾಠ ಲಿಪಿಯಿಂದಲೇ ಆಯಿತು. ಆಗ ನಾವು ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಿದ್ದ ರೀತಿ ವಿಚಿತ್ರವಾದದ್ದು. ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದ ಒಳಗೆ ಅದು ರೋಮನ್ ಅಕ್ಷರಗಳ, ಚಿಹ್ನೆಗಳ ಸ್ಥಾನದಲ್ಲಿಯೇ ಕುಳಿತಿರುತ್ತಿತ್ತು. ಕನ್ನಡದ ವೇಷ ತೊಡಿಸುತ್ತಿದ್ದುದು ಫಾಂಟ್. ಆ ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚಿ, ಅರ್ಥವಿಲ್ಲದ ಕಲಸುಮೇಲೋಗರ ಕಾಣುತ್ತಿತ್ತು. ಬೆಳಗಿನ ಜಾವ ಚೌಕಿಯಲ್ಲಿ ಬಣ್ಣ ಒರೆಸಿಕೊಂಡ ರಾವಣನನ್ನು ನೋಡಿದಂತೆ. ಯೂನಿಕೋಡ್ ಎಂಬ ಜಾಗತಿಕ ಸಂಕೇತಕ್ರಮದ ಮೊದಲ ಆವೃತ್ತಿಯಲ್ಲೇ, 1991ರಲ್ಲಿಯೇ, ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿದ್ದರು; 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಜೊತೆಗೆ ತುಂಗಾ ಎಂಬ ಕನ್ನಡ ಫಾಂಟ್ ಕೂಡ ಇತ್ತು. ಆದ್ದರಿಂದ 2009ರಲ್ಲಿ ಹಳೆಯ ಕ್ರಮ ಹಿಡಿದದ್ದು ನನ್ನ ಅಭ್ಯಾಸಬಲವೇ ಹೊರತು ಕಾಲದೋಷವಲ್ಲ.

2011ರ ಬೇಸಿಗೆ ರಜೆಯಲ್ಲಿ ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸಲು ಹೊರಟೆ. ಹಳೆಯ ಸಂಕೇತಕ್ಕೆ ಹೊಸ ಸಂಕೇತ ಎಂದು ಪಟ್ಟಿ ಮಾಡಿ ನಾನೇ ಒಂದು ಪ್ರೋಗ್ರಾಂ ಬರೆದೆ. ಅರ್ಕಾವತ್ತಿನ ಸಂಗತಿಯನ್ನು ಮರೆತಿದ್ದೆ. ಹಳೆಯ ಕ್ರಮದಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇಡುತ್ತಿದ್ದೆವು. ಯೂನಿಕೋಡಿನದು ಉಚ್ಚಾರಣೆಯ ಕ್ರಮ, ರೇಫ ಮೊದಲು, ವ್ಯಂಜನ ಆಮೇಲೆ. ನನ್ನ ಪ್ರೋಗ್ರಾಂ ಕಂಡದ್ದನ್ನು ಕಂಡ ಹಾಗೆ ಬರೆಯಿತು. ಕರ್ನಾಟಕವು ಕನಾರ್ಟಕವಾಯಿತು, ಧರ್ಮವು ಧಮರ್ ಆಯಿತು, ಮರುದಿನ ಬೆಳಿಗ್ಗೆ ಸೂರ್ಯನು ಸೂಯರ್ ಆಗಿ ಉದಯಿಸಿದನು. ಈ ತಪ್ಪು ಇಂದಿಗೂ ಅಲ್ಲಲ್ಲಿ ಕಣ್ಣಿಗೆ ಬೀಳುವುದುಂಟು. ಕಂಡಾಗ ನನಗೆ ನಗು ಬರುವುದಿಲ್ಲ, ಭ್ರಾತೃಭಾವ ಉಂಟಾಗುತ್ತದೆ.

ಇನ್ನೂ ಸೂಕ್ಷ್ಮವಾದ ತೊಡಕೊಂದಿತ್ತು. ‘ಕೋಳಿ’ ಎಂದು ಹುಡುಕಿದರೆ ನನ್ನ ತಾಣ ಕೋಳಿಯೇ ಇಲ್ಲವೆನ್ನುತ್ತಿತ್ತು. ಪುಟ ತೆರೆದರೆ ಕೋಳಿ ಅಲ್ಲಿಯೇ ಇದೆ. ಕಾರಣವಿಷ್ಟೆ. ‘ಕೋ’ ಎಂಬುದನ್ನು ಓತ್ವದ ಒಂದೇ ಸಂಕೇತದಿಂದಲೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ಮೇಲೊಂದು ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಮನುಷ್ಯನ ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಎರಡೂ ಬೇರೆ. ಎರಡನ್ನೂ ಒಂದೇ ರೂಪಕ್ಕೆ ತಂದ ಮೇಲೆ ಕೋಳಿ ಸಿಕ್ಕಿತು.

2013ರಲ್ಲಿ ಪದಗಳು ಸಾವಿರ ದಾಟಿದವು. ಬಿಡಿಬಿಡಿ ಪುಟಗಳು ಸಾಲದೆ ಡೇಟಾಬೇಸ್ ಒಂದನ್ನು ಮಾಡಿದೆ. ಅಂಗಡಿಯವರು ಚೀಟಿಗಳನ್ನು ಖಾನೆಗಳಲ್ಲಿ ಇಡುವಂತೆ ಪದಗಳನ್ನು ಯಂತ್ರದ ಖಾನೆಗಳಲ್ಲಿ ಇಟ್ಟು, ಕೇಳಿದವರಿಗೆ ಕೇಳಿದ್ದನ್ನು ತೆಗೆದುಕೊಡುವ ವ್ಯವಸ್ಥೆ. ಅಕಾರಾದಿಯಾಗಿ ಜೋಡಿಸು ಎಂದರೆ ತಾನಾಗಿಯೇ ಜೋಡಿಸುತ್ತಿತ್ತು. ಆ ಸಂತೋಷ ಒಂದು ವಾರವೂ ಉಳಿಯಲಿಲ್ಲ. ನಿವೃತ್ತ ಉಪಾಧ್ಯಾಯರೊಬ್ಬರು ದಾರಿಯಲ್ಲಿ ನಿಲ್ಲಿಸಿ, “ಏನು ಮೇಷ್ಟ್ರೇ, ನಿಮ್ಮಲ್ಲಿ ಹಸುವಿಗಿಂತ ಮೊದಲು ಹಳ್ಳಿ ಬರುತ್ತದಲ್ಲ, ಇದು ಯಾವ ವರ್ಣಮಾಲೆ?” ಎಂದು ಕೇಳಿದರು. ನೋಡುತ್ತೇನೆ, ನಿಜ. ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದಾಚೆ ಕಟ್ಟಕಡೆಗೆ ನಿಲ್ಲುತ್ತದೆ. ಯೂನಿಕೋಡಿನಲ್ಲಿ ಭಾರತದ ಲಿಪಿಗಳನ್ನೆಲ್ಲ ಒಂದೇ ಅಚ್ಚಿನಲ್ಲಿ ಕೂಡಿಸಿರುವುದರಿಂದ ಅದು ಲಕಾರದ ಪಕ್ಕಕ್ಕೆ, ವಕಾರಕ್ಕೂ ಮುಂಚೆ ಬಂದು ಕುಳಿತಿದೆ. ಪ್ರತಿಯೊಂದು ಅಕ್ಷರಕ್ಕೂ ನಮ್ಮ ಸಂಪ್ರದಾಯದಂತೆ ಬೇರೆ ಅಂಕಿ ಕೊಟ್ಟು ಅದನ್ನು ಸರಿಪಡಿಸಲು ಎರಡು ಭಾನುವಾರಗಳು ಬೇಕಾದವು. ಆ ಎರಡು ಭಾನುವಾರಗಳ ಫಲವನ್ನು ಇಂದಿನವರೆಗೆ ಒಬ್ಬರೂ ಗಮನಿಸಿಲ್ಲ. ಹಸುವಿನ ಆಚೆ ಹಳ್ಳಿ ಇರುವುದನ್ನು ಕಂಡು ಯಾರು ತಾನೇ ಆಶ್ಚರ್ಯಪಡುತ್ತಾರೆ?

ಈ ಬಗೆಯ ಕಾಣದ ಕೆಲಸ ಮನುಷ್ಯನಿಗೆ ಬಹುಕಾಲ ರುಚಿಸುವುದಿಲ್ಲ. 2016ರಲ್ಲಿ ನನಗೆ ತಾಣವನ್ನು ಸುಂದರಗೊಳಿಸುವ ಆಸೆ ಹುಟ್ಟಿತು. ಹಿನ್ನೆಲೆಗೆ ಅಡಕೆ ತೋಟದ ದೊಡ್ಡ ಚಿತ್ರ, ಪದಗಳು ಒಂದೊಂದಾಗಿ ತೇಲಿಬರುವ ಚಮತ್ಕಾರ, ಅದಕ್ಕಾಗಿ ಯಾರೋ ಬರೆದ ಆರೇಳು ಪ್ರೋಗ್ರಾಂಗಳನ್ನು ತಂದು ಪೋಣಿಸಿದೆ. ಸಹೋದ್ಯೋಗಿಗಳು ಬೆನ್ನು ತಟ್ಟಿದರು. ಸುಧಾರಣೆಗೆ ಬೀಳುವ ಚಪ್ಪಾಳೆ ಪೋಷಣೆಗೆ ಎಂದೂ ಬೀಳುವುದಿಲ್ಲವೆಂಬುದನ್ನು ಆಗ ಕಂಡುಕೊಂಡೆ. ಮುಂದಿನ ವಾರ ಪದಗಳನ್ನು ತರುತ್ತಿದ್ದ ಹುಡುಗಿಯೊಬ್ಬಳು ಬಂದು, “ಸರ್, ಮೊದಲು ನಿಮ್ಮ ತಾಣ ನಮ್ಮನೆ ಜಗಲಿಯಲ್ಲೇ ತೆರೀತಿತ್ತು, ಈಗ ಗುಡ್ಡ ಹತ್ತಬೇಕು” ಎಂದಳು. ಲೆಕ್ಕ ಹಾಕಿದೆ. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು ಬೇಕೆಂದರೂ ಒಂದು ಅಕ್ಷರದ ಪದಗಳಷ್ಟೂ ಸೇರಿ ನಲವತ್ತು ಕಿಲೋಬೈಟು. ಅಲಂಕಾರದ ತೂಕ ನಾಲ್ಕು ಮೆಗಾಬೈಟು. ನೂರು ಪಾಲು ಭಾರದ ಪಲ್ಲಕ್ಕಿಯಲ್ಲಿ ಒಂದು ಪಾಲು ದೇವರು. ಆದರೂ ಆ ಚಿತ್ರವನ್ನು ತೆಗೆದುಹಾಕಲು ನಾನು ಇನ್ನೂ ಮೂರು ವರ್ಷ ತೆಗೆದುಕೊಂಡೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

2018ರ ಜುಲೈಯಲ್ಲಿ ಕ್ರೋಮ್ ಬ್ರೌಸರ್ ಗೂಢಲಿಪಿಯ ರಕ್ಷಣೆಯಿಲ್ಲದ ತಾಣಗಳ ವಿಳಾಸದ ಬದಿಗೆಲ್ಲ ‘ಸುರಕ್ಷಿತವಲ್ಲ’ ಎಂದು ಬರೆಯತೊಡಗಿತು. “ಏನ್ರೀ, ನಿಮ್ಮ ತಾಣ ಅಪಾಯಕಾರಿಯಂತೆ!” ಎಂದು ಸ್ನೇಹಿತರು ಹಾಸ್ಯ ಮಾಡಿದರು. 2015ರ ಡಿಸೆಂಬರಿನಿಂದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತ ಬಂದಿತ್ತು. ಅದರ ಆಯುಸ್ಸು ತೊಂಬತ್ತು ದಿನ. ಪಡೆದೆ, ನವೀಕರಿಸಲು ಮರೆತೆ, ಬೈಸಿಕೊಂಡೆ, ತಾನಾಗಿ ನವೀಕರಣವಾಗುವ ಏರ್ಪಾಟು ಮಾಡಿದೆ. ಅಷ್ಟೆ.

ಹೇಳಲೇಬೇಕಾದ ಸಂಗತಿ ಅದರ ಮುಂದಿನ ವರ್ಷದ್ದು.

ನನ್ನ ಡೇಟಾಬೇಸಿಗೂ ಪುಟಕ್ಕೂ ನಡುವೆ ಓಡಾಡುತ್ತಿದ್ದ ಪ್ರೋಗ್ರಾಂ ಪಿಎಚ್‌ಪಿ ಎಂಬ ಭಾಷೆಯಲ್ಲಿತ್ತು. ಅದರಲ್ಲಿ ನಾನು ಬಳಸಿದ್ದ ಕೆಲವು ಹಳೆಯ ಪ್ರಯೋಗಗಳನ್ನು 2015ರ ಡಿಸೆಂಬರಿನಲ್ಲಿ ಬಂದ ಏಳನೆಯ ಆವೃತ್ತಿಯಿಂದ ಕೈಬಿಟ್ಟಿದ್ದರು. ಹಳೆಯ 5.6ನೆಯ ಆವೃತ್ತಿಗೂ 2018ರ ಡಿಸೆಂಬರ್ 31ರಂದು ಪೋಷಣೆ ನಿಂತಿತು. ನನ್ನ ತಾಣಕ್ಕೆ ಜಾಗ ಕೊಟ್ಟಿದ್ದವರು ಹಳತನ್ನು ತೆಗೆದುಹಾಕುತ್ತೇವೆಂದು ಮುಂಚಿತವಾಗಿಯೇ ಪತ್ರ ಬರೆದಿದ್ದರು. ಉತ್ತರಪತ್ರಿಕೆಗಳ ಮೌಲ್ಯಮಾಪನದ ಗಡಿಬಿಡಿಯಲ್ಲಿ ನಾನು ಅದನ್ನು ಓದಿ ಬದಿಗಿಟ್ಟೆ. ಫೆಬ್ರವರಿಯ ಒಂದು ಬೆಳಿಗ್ಗೆ ತಾಣ ತೆರೆದರೆ ಬರಿಯ ಬಿಳಿಯ ಪುಟ. ಗಾಬರಿಯಾಗಿ, ಹಳೆಯ ಆವೃತ್ತಿ ಇನ್ನೂ ಇದ್ದ ಬೇರೊಂದು ಕಡೆಗೆ ಎಲ್ಲವನ್ನೂ ರಾತ್ರೋರಾತ್ರಿ ಸಾಗಿಸಿದೆ. ಪುಟಗಳು ಮತ್ತೆ ಕಾಣಿಸಿದವು. ಹಿನ್ನೆಲೆಯ ಅಡಕೆ ತೋಟವೂ ಬಂದಿತು. ನಿಟ್ಟುಸಿರು ಬಿಟ್ಟು, ಎರಡು ಕಡೆ ಹಣ ತೆರುವುದೇಕೆಂದು ಹಳೆಯ ಖಾತೆಯನ್ನು ಆ ವಾರವೇ ಮುಚ್ಚಿಸಿದೆ. ಅದಾದ ಮೇಲೆ ಒಳಪುಟಗಳನ್ನು ತೆರೆದು ನೋಡಿದೆ.

ಎಲ್ಲೆಲ್ಲಿಯೂ ಪ್ರಶ್ನಚಿಹ್ನೆಗಳು. ಸಾಗಿಸುವಾಗ ಕನ್ನಡವೇ ಇಲ್ಲದ ಅಕ್ಷರಕೋಶವೊಂದನ್ನು ನಾನು ಆರಿಸಿದ್ದೆ. ತನಗೆ ಗೊತ್ತಿಲ್ಲದ ಪ್ರತಿಯೊಂದು ಸಂಕೇತದ ಜಾಗದಲ್ಲೂ ಯಂತ್ರವು ಪ್ರಾಮಾಣಿಕವಾಗಿ ಒಂದೊಂದು ಪ್ರಶ್ನಚಿಹ್ನೆ ಬರೆದಿತ್ತು. ಹಾಗೆ ಬರೆದುದನ್ನು ಮತ್ತೆ ಅಕ್ಷರವಾಗಿಸುವ ವಿದ್ಯೆ ಯಾರಲ್ಲಿಯೂ ಇಲ್ಲ. ಪೆನ್ ಡ್ರೈವಿನಲ್ಲಿ ನಾನು ಎತ್ತಿಟ್ಟಿದ್ದ ಪ್ರತಿ ಹಿಂದಿನ ವರ್ಷದ ಮಾರ್ಚಿಯದು. ಹನ್ನೊಂದು ತಿಂಗಳಲ್ಲಿ ಸೇರಿದ್ದ ನಾನೂರ ಹನ್ನೆರಡು ಪದಗಳು ಹೋಗಿದ್ದವು.

ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಮಡದಿಗೆ ಹೇಳಿದೆ. ಅವಳು ಏನೂ ಮಾತಾಡದೆ ಅಟ್ಟ ಹತ್ತಿ, ಹಳೆಯ ಅಕ್ಕಿಚೀಲವೊಂದನ್ನು ಇಳಿಸಿದಳು. ಅದರಲ್ಲಿ ವಿದ್ಯಾರ್ಥಿಗಳು ತಂದುಕೊಟ್ಟ ಚೀಟಿಗಳು, ವರ್ಷವಾರು ಕಟ್ಟಿ ಇಟ್ಟದ್ದು. ಕಂಪ್ಯೂಟರಿಗೆ ಏರಿಸಿದ ಮೇಲೆ ನಾನು ಅವನ್ನು ರದ್ದಿಗೆ ಹಾಕು ಎಂದು ಹೇಳುತ್ತಿದ್ದೆ, ಅವಳು ಹಾಕಿರಲಿಲ್ಲ. “ಹುಡುಗರ ಅಕ್ಷರ, ಹೇಗೆ ಮಾರುವುದು?” ಎಂದಳು. ಇದು ಮುಗಿಯುವುದು ಯಾವಾಗ ಎಂದು ಕೇಳುವವಳು ಇವಳೇ.

ಚೀಟಿಗಳಿಂದ ಮುನ್ನೂರಕ್ಕೂ ಮೇಲ್ಪಟ್ಟು ಪದಗಳು ಮರಳಿದವು. ಅಮೆರಿಕದಲ್ಲಿ ಬ್ರೂಸ್ಟರ್ ಕಾಹ್ಲ್ ಎಂಬುವರು 1996ರಲ್ಲಿ ಸ್ಥಾಪಿಸಿದ ಇಂಟರ್ನೆಟ್ ಆರ್ಕೈವ್ ಎಂಬ ಭಂಡಾರವಿದೆ. ಲೋಕದ ಜಾಲಪುಟಗಳ ಪ್ರತಿಗಳನ್ನು ಕಾಲಕಾಲಕ್ಕೆ ತೆಗೆದಿಡುವುದು ಅದರ ವ್ರತ. ನನ್ನಂಥ ಅಪ್ರಸಿದ್ಧನ ತಾಣದ ಕೆಲವು ಪುಟಗಳೂ ಅಲ್ಲಿದ್ದವು. ಅದರಿಂದ ಇನ್ನಷ್ಟು ಸಿಕ್ಕಿದವು. ಕೊನೆಗೆ ಹತ್ತೊಂಬತ್ತು ಪದಗಳು ಮಾತ್ರ ಉಳಿದವು, ಅಂದರೆ ಉಳಿಯಲಿಲ್ಲ.

ಆ ಹತ್ತೊಂಬತ್ತರಲ್ಲಿ ಒಂದು ‘ಚೊಗರು’. ಹಸಿ ಅಡಕೆಯನ್ನು ಸುಲಿದು ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ರಸ ಅದು. ಇಂಗಿಸಿ ಇಟ್ಟುಕೊಂಡರೆ ಮುಂದಿನ ಅಡಕೆಗೆ ಬಣ್ಣ ಕೊಡುತ್ತದೆ. ಪದಕ್ಕೇನೂ ಅಪಾಯವಿಲ್ಲ, ತೋಟವಿರುವವರೆಗೆ ಅದು ಇರುತ್ತದೆ. ಹೋದದ್ದು ಒಬ್ಬ ಅಜ್ಜಿ ಆ ಪದವನ್ನು ಹಿಡಿದು ಆಡಿದ ಮೂರು ಮಾತು. 2018ರ ಡಿಸೆಂಬರಿನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋಗಿದ್ದಾಗ ಒಲೆಯ ಮುಂದೆ ಕುಳಿತಿದ್ದ ಆಕೆಯ ಅಜ್ಜಿ, “ನಾವಾಡೋ ಮಾತನ್ನೂ ಬರ್ಕೊಳ್ತಾರೇನು ಮೇಷ್ಟ್ರೇ?” ಎಂದು ನಗುತ್ತ, ಚೊಗರು ಹದಕ್ಕೆ ಬಂದದ್ದನ್ನು ತಿಳಿಯುವ ಬಗೆಯನ್ನು ಹೇಳಿದ್ದರು. ನನಗೆ ಅದು ಎಷ್ಟು ಹಿಡಿಸಿತೆಂದರೆ ಚೀಟಿಗೂ ಕಾಯದೆ ಅಲ್ಲಿಯೇ ಕೈಯಲ್ಲಿದ್ದ ಯಂತ್ರಕ್ಕೆ ನೇರವಾಗಿ ಏರಿಸಿಬಿಟ್ಟೆ. ಚೀಟಿ ಇಲ್ಲದಿರುವುದಕ್ಕೆ ಅದೇ ಕಾರಣ. ಮೇ ತಿಂಗಳಲ್ಲಿ ಮತ್ತೆ ಕೇಳಿ ಬರೆದುಕೊಳ್ಳೋಣವೆಂದು ಅವರ ಊರಿಗೆ ಹೋದೆ. ಜನವರಿಯಲ್ಲಿಯೇ ತೀರಿಕೊಂಡಿದ್ದರು.

ನನ್ನ ಬಳಿ ಈಗಲೂ ಆ ಪುಟವಿದೆ. ಚೊಗರು ಎಂಬಲ್ಲಿ ಐದು ಪ್ರಶ್ನಚಿಹ್ನೆ. ಅದರ ಕೆಳಗೆ ಸಾಲು ಸಾಲಾಗಿ ಪ್ರಶ್ನಚಿಹ್ನೆ. ಪದಗಳ ನಡುವಣ ತೆರಪು, ಅಲ್ಪವಿರಾಮ, ಪೂರ್ಣವಿರಾಮ ಇವು ಎಲ್ಲ ಅಕ್ಷರಕೋಶಗಳಿಗೂ ಸಾಮಾನ್ಯವಾದವುಗಳಾದ್ದರಿಂದ ಹಾಗೆಯೇ ಉಳಿದಿವೆ. ಅಜ್ಜಿ ಮೂರು ವಾಕ್ಯ ಹೇಳಿದ್ದರು, ಎರಡನೆಯ ವಾಕ್ಯದ ನಡುವೆ ಒಮ್ಮೆ ತಡೆದಿದ್ದರು ಎಂಬುದು ಗೊತ್ತಾಗುತ್ತದೆ. ಏನು ಹೇಳಿದ್ದರು ಎಂಬುದು ಗೊತ್ತಾಗುವುದಿಲ್ಲ.

ನಾನು ಎಂ.ಎ. ವಿದ್ಯಾರ್ಥಿಯಾಗಿದ್ದಾಗ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವನು. 1964ರಲ್ಲಿ ಬಂದ ಆ ಗ್ರಂಥದಿಂದ ಪಾಠಾಂತರವೆಂದರೇನು, ಲಿಪಿಕಾರರ ಸ್ಖಾಲಿತ್ಯಗಳೆಷ್ಟು ಬಗೆ ಎಂಬುದನ್ನು ಕಲಿತು, ಈಗ ಇತರರಿಗೆ ಕಲಿಸುತ್ತಲೂ ಇದ್ದೇನೆ. ಓಲೆ ಮುರಿದು, ಹುಳು ತಿಂದು ನಷ್ಟವಾದ ಭಾಗವನ್ನು ಗ್ರಂಥಪಾತವೆಂದು ಗುರುತಿಸಿ, ಅಜಾಗರೂಕ ಲಿಪಿಕಾರನನ್ನು ತರಗತಿಯಲ್ಲಿ ಎಷ್ಟೋ ಸಲ ಹಾಸ್ಯ ಮಾಡಿದ್ದೇನೆ. ಆ ಲಿಪಿಕಾರನಾದರೂ ದೀಪದ ಬೆಳಕಿನಲ್ಲಿ ಸಾವಿರ ಓಲೆ ಕಂಠಪತ್ರದಿಂದ ಗೀಚಿ ಒಂದೆರಡು ಸಾಲು ಬಿಟ್ಟವನು. ನಾನು ಒಂದು ಗುಂಡಿ ಒತ್ತಿ ನಾನೂರ ಹನ್ನೆರಡು ಪದಗಳನ್ನು ಬಿಟ್ಟವನು. ಅಂದಿನಿಂದ ತರಗತಿಯಲ್ಲಿ ಅವನ ಸುದ್ದಿಗೆ ಹೋಗಿಲ್ಲ.

ಅನಂತರ ಮಾಡಿದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಡೇಟಾಬೇಸನ್ನೇ ತೆಗೆದುಹಾಕಿದೆ. ಒಂದೊಂದು ಪದಕ್ಕೂ ಒಂದೊಂದು ಸಾದಾ ಕಡತ. ಯಾವ ಯಂತ್ರದಲ್ಲಾದರೂ, ಯಾವ ತಂತ್ರಾಂಶವೂ ಇಲ್ಲದೆ ತೆರೆದು ಓದಬಹುದಾದದ್ದು. ಆ ಕಡತಗಳಿಂದ ಪುಟಗಳನ್ನು ಮನೆಯ ಕಂಪ್ಯೂಟರಿನಲ್ಲೇ ತಯಾರಿಸಿ, ಸಿದ್ಧವಾದ ಪುಟಗಳನ್ನಷ್ಟೇ ಮೇಲೆ ಕಳಿಸುತ್ತೇನೆ. ಅಲ್ಲಿ ಕೆಟ್ಟುಹೋಗಲು ಈಗ ಪ್ರೋಗ್ರಾಂ ಎಂಬುದೇ ಇಲ್ಲ. ಅಡಕೆ ತೋಟದ ಚಿತ್ರವೂ ಹೋಯಿತು. 2020ರಲ್ಲಿ ಲೋಕವೆಲ್ಲ ಮನೆಯೊಳಗೆ ಕುಳಿತಾಗ ಗಿಟ್ ಎಂಬುದನ್ನು ಕಲಿತೆ. ಲಿನಸ್ ಟೊರ್ವಾಲ್ಡ್ಸ್ ಅವರು 2005ರಲ್ಲಿ ರಚಿಸಿದ ಈ ಸಾಧನ, ಕಡತದಲ್ಲಿ ಏನು ಬದಲಾಯಿತು, ಯಾರು ಬದಲಿಸಿದರು, ಯಾವ ದಿನ ಎಂಬುದನ್ನೆಲ್ಲ ಬರೆದಿಡುತ್ತದೆ. ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯೆಂದು ಕೇಳುತ್ತದೆ. ಹಳೆಯ ಪಾಠ ಅಳಿಯುವುದಿಲ್ಲ. ಕನ್ನಡ ಎಂ.ಎ. ಮಾಡಿದವನಿಗೆ ಇದಕ್ಕಿಂತ ಹಿತವಾದ ಯಂತ್ರವನ್ನು ಯಾರೂ ಮಾಡಲಾರರು. ಮನೆಯಲ್ಲೊಂದು, ಬೇರೆ ಊರಿನ ಸ್ನೇಹಿತರಲ್ಲೊಂದು, ದೂರದ ಸರ್ವರಿನಲ್ಲೊಂದು, ಹೀಗೆ ಮೂರು ಪ್ರತಿ. ಪ್ರತಿ ಇದ್ದರೆ ಸಾಲದು, ಅದರಿಂದ ತಾಣ ಎದ್ದು ನಿಲ್ಲುತ್ತದೆಯೇ ಎಂದು ನೋಡಬೇಕು. ಪ್ರತಿ ಬೇಸಿಗೆಯಲ್ಲೂ ಖಾಲಿ ಕಂಪ್ಯೂಟರ್ ಒಂದರಲ್ಲಿ ಅದನ್ನು ಎಬ್ಬಿಸಿ ನೋಡುತ್ತೇನೆ. ಡಿಸೆಂಬರಿನಲ್ಲಿ ಎಲ್ಲವನ್ನೂ ಕಾಗದದ ಮೇಲೆ ಮುದ್ರಿಸಿ ಅದೇ ಅಕ್ಕಿಚೀಲಕ್ಕೆ ಸೇರಿಸುತ್ತೇನೆ.

ವಿಳಾಸಗಳ ವಿಷಯದಲ್ಲಿ ನಾನು ಮಾಡಿದ ಅನ್ಯಾಯವನ್ನು ಸಂಶೋಧಕ ಮಿತ್ರರ ಸಲುವಾಗಿ ಹೇಳಬೇಕು. ಸುಧಾರಣೆಯ ಹುಮ್ಮಸ್ಸಿನಲ್ಲಿ ಎರಡು ಸಲ ಪುಟಗಳ ವಿಳಾಸವನ್ನೆಲ್ಲ ಬದಲಿಸಿದ್ದೆ. ಜಾಲವನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ ಅವರು ವಿಳಾಸಗಳನ್ನು ಬದಲಿಸಬಾರದೆಂದು 1998ರಲ್ಲಿಯೇ ಒಂದು ಲೇಖನ ಬರೆದಿದ್ದಾರೆ; ನನ್ನ ಕಣ್ಣಿಗೆ ಅದು ಬಿದ್ದದ್ದು ತಡವಾಗಿ. ಮೌಖಿಕ ಪರೀಕ್ಷೆಯೊಂದರಲ್ಲಿ ನಾನೂ ಕುಳಿತಿದ್ದೆ. ಪರೀಕ್ಷಕರು ಅಭ್ಯರ್ಥಿಯ ಅಡಿಟಿಪ್ಪಣಿಯೊಂದನ್ನು ತೋರಿಸಿ, “ಈ ಆಕರ ತೆರೆಯುವುದೇ ಇಲ್ಲವಲ್ಲ, ಇದು ಇದೆಯೋ ಇಲ್ಲವೋ?” ಎಂದು ಗದರಿಸಿದರು. ಆಕೆ ತಲೆ ತಗ್ಗಿಸಿದಳು. ಅದು ನನ್ನ ತಾಣದ ಹಳೆಯ ವಿಳಾಸ. ಇದೆ, ತಪ್ಪು ನನ್ನದು ಎಂದು ನಾನು ಹೇಳಬೇಕಾಯಿತು. ಆ ಡಿಸೆಂಬರಿನಲ್ಲಿ ಹಳೆಯ ವಿಳಾಸಗಳಿಗೆ ಬಂದವರನ್ನು ಹೊಸ ಪುಟಕ್ಕೆ ಕರೆದೊಯ್ಯುವ ಪಟ್ಟಿಯನ್ನು ಒಂದೊಂದಾಗಿ ಬರೆದು ಮುಗಿಸಿದೆ. ಈಗ 2009ರ ವಿಳಾಸವೂ ತೆರೆಯುತ್ತದೆ.

ಇಷ್ಟೆಲ್ಲ ಓದಿ, ಇದು ಒಬ್ಬನ ಕೈಯಲ್ಲಿ ಆಗುವ ಕೆಲಸವೇ ಎಂದು ಯಾರಾದರೂ ಕೇಳಿದರೆ ಅದು ಸರಿಯಾದ ಪ್ರಶ್ನೆ. ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮುಕ್ಕಾಲು ಶತಮಾನದ ಮೇಲೆ ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿದರು. ಮದರಾಸು ವಿಶ್ವವಿದ್ಯಾನಿಲಯ ಅದನ್ನು ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಇತ್ತೀಚೆಗೆ, 2019ರಲ್ಲಿ, ವಿ. ಕೃಷ್ಣ ಎಂಬುವರು ನಾಲ್ಕು ದಶಕಗಳಿಗೂ ಮೀರಿ ಒಬ್ಬರೇ ಕೂಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ ಎಂಬ ಹೆಸರಿನಲ್ಲಿ ಜಾಲಕ್ಕೆ ಬಂದಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ನಮೂದುಗಳು, ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಬಹುದಾದ ಮುಕ್ತ ಪರವಾನಗಿ. ಅವರ ಕೆಲಸದ ಮುಂದೆ ನನ್ನದು ಕೊಟ್ಟಿಗೆಯ ಕೆಲಸ. ಆದರೂ ಅದನ್ನು ನೋಡಿಯೇ ನಾನೂ ನನ್ನ ಕಡತಗಳನ್ನು ಮುಕ್ತವಾಗಿಸಿದೆ. ನಾನು ಹಣ ಕಟ್ಟದ ವರ್ಷ ಹೆಸರು ಹೋದೀತು. ಬೇರೆ ಯಾರಾದರೂ ಪ್ರತಿ ಇಟ್ಟುಕೊಂಡಿದ್ದರೆ ಪದಗಳು ಹೋಗಲಾರವು. ಇದುವರೆಗೆ ಮೂವರು ಇಟ್ಟುಕೊಂಡಿದ್ದಾರೆಂದು ಬಲ್ಲೆ.

ಚೊಗರಿನ ಕಡತದಲ್ಲಿ ಅಜ್ಜಿಯ ಮಾತಿನ ಜಾಗ ಬಹುಕಾಲ ಖಾಲಿಯಾಗಿತ್ತು. ಆಮೇಲೆ, ನೆನಪಿದ್ದಷ್ಟನ್ನು ನನ್ನ ಮಾತಿನಲ್ಲಿ ಬರೆದು, ಇದು ಸಂಗ್ರಾಹಕನ ನೆನಪು ಮಾತ್ರ ಎಂದು ಕಾಣಿಸಿದ್ದೆ: ರಸದ ಒಂದು ತೊಟ್ಟನ್ನು ಹಾಳೆಯ ತುಂಡಿನ ಮೇಲೆ ಬಿಟ್ಟು, ಹರಿಯದೆ ನಿಂತರೆ ಹದ ಬಂದಿತೆಂದು ತಿಳಿಯುತ್ತಿದ್ದರು ಎಂದು. ಆ ಮೊಮ್ಮಗಳು ಈಗ ಪ್ರೌಢಶಾಲೆಯೊಂದರಲ್ಲಿ ಅಧ್ಯಾಪಕಿ. ಈ ಏಪ್ರಿಲಿನಲ್ಲಿ ತಗಾದೆಯ ಪತ್ರ ಬಂದ ದಿನವೇ ಅವಳ ಸಂದೇಶವೂ ಬಂದಿತು. “ಸರ್, ಹಾಳೆ ಅಲ್ಲ. ಅಜ್ಜಿ ಹೆಬ್ಬೆರಳಿನ ಉಗುರಿನ ಮೇಲೆ ಬಿಟ್ಟುಕೊಂಡು ನೋಡುತ್ತಿದ್ದರು. ಅವರ ಆ ಉಗುರು ವರ್ಷವಿಡೀ ಕೆಂಪಗೇ ಇರುತ್ತಿತ್ತು.”

ಓದಿದ ಕೂಡಲೇ ನನಗೂ ಆ ಉಗುರು ಕಣ್ಣಿಗೆ ಕಟ್ಟಿತು. ಹಾಳೆ ಎಲ್ಲಿಂದ ಬಂದು ಸೇರಿತ್ತೋ ತಿಳಿಯದು. ಕಡತ ತೆರೆದು ತಿದ್ದಿದೆ. ಬದಲಾವಣೆಯ ಕಾರಣ ಕೇಳುವ ಸಾಲಿನಲ್ಲಿ ‘ಮೊಮ್ಮಗಳು ಹೇಳಿದಂತೆ’ ಎಂದು ಬರೆದೆ. ಪ್ರಮಾಣಪತ್ರದ ತಾರೀಖು ನೋಡಿದೆ, ಮೂರು ಪ್ರತಿಗಳನ್ನೂ ಹೊಸತು ಮಾಡಿದೆ, ಹೆಸರಿನ ಹಣವನ್ನು ಈ ಸಲ ಎರಡು ವರ್ಷಕ್ಕೆ ಒಟ್ಟಿಗೆ ಕಟ್ಟಿದೆ. ಆ ಸಂದೇಶವನ್ನು ಚೀಟಿಯೊಂದರ ಮೇಲೆ ನಕಲು ಮಾಡಿ ಅಕ್ಕಿಚೀಲಕ್ಕೆ ಹಾಕೆಂದು ಮಡದಿಯ ಕೈಗೆ ಕೊಟ್ಟೆ.